‘ಕುಡುಕನಾಗಿದ್ದೆ’ ಎಂಬ ಸಾಕ್ಷಿ, ‘ನಾನು ಆಲ್ಕೊಹಾಲಿಕ್’ ಎಂಬ ನಿವೇದನೆ: 1939ರ ಎರಡು ಪುಸ್ತಕಗಳನ್ನು ಕುರಿತು

1939ನೆಯ ಇಸವಿಯಲ್ಲಿ ಎರಡು ಪುಸ್ತಕಗಳು ಬೆಳಕು ಕಂಡವು. ಒಂದು, ಏಪ್ರಿಲ್ ತಿಂಗಳಲ್ಲಿ ಅಮೆರಿಕದಲ್ಲಿ ಲೇಖಕನ ಹೆಸರಿಲ್ಲದೆ ಹೊರಬಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’. ಇನ್ನೊಂದು, ಜರ್ಮನಿಯಲ್ಲಿ ಡೀಟ್ರಿಕ್ ಬೊನ್‌ಹೋಫರ್ ಪ್ರಕಟಿಸಿದ, ‘ಲೈಫ್ ಟುಗೆದರ್’ ಎಂಬ ಇಂಗ್ಲಿಷ್ ಹೆಸರಿನಿಂದ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವ ಕಿರುಗ್ರಂಥ. ಮೊದಲನೆಯದರ ಹೆಚ್ಚಿನ ಭಾಗವನ್ನು ಬರೆದವನು ಕುಡಿತದಿಂದ ಕೆಟ್ಟು ಕೊನೆಗೆ ಕುಡಿತ ಬಿಟ್ಟು ಬದುಕಿಕೊಂಡ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಗಾರ. ಎರಡನೆಯದು, 1937ರಲ್ಲಿ ಗೆಸ್ಟಾಪೊ ಮುಚ್ಚಿಸಿದ ಫಿಂಕನ್‌ವಾಲ್ಡೆ ಸೆಮಿನರಿಯ ಸಹಜೀವನದ ಅನುಭವದಿಂದ ಹುಟ್ಟಿದ್ದು. ಒಂದಕ್ಕೆ ಇನ್ನೊಂದರ ಪರಿಚಯವಿರಲಿಲ್ಲ. ಆದರೂ ಇವೆರಡೂ ಒಂದೇ ಪ್ರಶ್ನೆಯ ಮುಂದೆ ನಿಂತಿವೆ: ಮನುಷ್ಯನು ತನ್ನ ಪಾಪವನ್ನು ಇತರರ ಕಿವಿಗೆ ಬೀಳುವಂತೆ ಹೇಳಿ, ಆ ಮೇಲೆಯೂ ಅವರ ನಡುವೆಯೇ ಕುಳಿತಿರಲು ಸಾಧ್ಯವೇ?

ಬೊನ್‌ಹೋಫರನನ್ನು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಮೊದಲನೆಯ ಪುಸ್ತಕ ನಮ್ಮ ಪಠ್ಯಪಟ್ಟಿಯಲ್ಲಿಲ್ಲ. ಅದನ್ನು ಓದುವ ಕೂಟಗಳು ಮಾತ್ರ ಬೆಂಗಳೂರು, ಮಂಗಳೂರುಗಳಂಥ ನಗರಗಳಲ್ಲಿ ಅನೇಕ ಸಲ ನಮ್ಮ ಚರ್ಚುಗಳ ಹಿಂದಿನ ಕೊಠಡಿಯಲ್ಲಿಯೋ ಸಭೆಯ ಶಾಲೆಯ ಮಹಡಿಯಲ್ಲಿಯೋ ನಡೆಯುತ್ತಿವೆ. ನಾವು ಬಾಗಿಲ ಬೀಗದ ಕೈ ಕೊಟ್ಟಿದ್ದೇವೆ. ಒಳಗೆ ನಡೆಯುವುದೇನೆಂದು ವಿಚಾರಿಸಿಲ್ಲ. (‘ಸಭೆ’ ಎಂಬ ಮಾತು ನಮ್ಮಲ್ಲಿ ಎಕ್ಲೇಸಿಯಕ್ಕೆ ಸಲ್ಲುವುದರಿಂದ ಎ.ಎ. ಸಂಘದವರ ಸೇರುವಿಕೆಯನ್ನು ಈ ಬರಹದಲ್ಲಿ ‘ಕೂಟ’ ಎಂದು ಕರೆದಿದ್ದೇವೆ. ಹಾಗೆ ಬೇರ್ಪಡಿಸುವುದು ಎಷ್ಟರ ಮಟ್ಟಿಗೆ ಸರಿ ಎಂಬುದೇ ಈ ಬರಹದ ವಿಚಾರ ಎನ್ನಲೂಬಹುದು.)

ನಾವು ಈ ಪುಸ್ತಕವನ್ನು ಕೈಗೆತ್ತಿಕೊಂಡದ್ದಕ್ಕೆ ಒಂದು ಕಾರಣವುಂಟು. ನಾವು ಸೇವೆಮಾಡುತ್ತಿದ್ದ ಸಭೆಯೊಂದರಲ್ಲಿ ಸಹೋದರರೊಬ್ಬರು ಉಜ್ಜೀವನ ಕೂಟದ ಕೊನೆಯ ರಾತ್ರಿ ಎದ್ದು ನಿಂತು, ತಾನು ಕುಡುಕನಾಗಿದ್ದೆನೆಂದೂ ಕರ್ತನು ತನ್ನನ್ನು ಬಿಡಿಸಿದನೆಂದೂ ಸಾಕ್ಷಿ ಹೇಳಿದರು. ಜನರು ಸ್ತೋತ್ರ ಹೇಳಿದರು, ನಾವೂ ಹೇಳಿದೆವು. ಒಂದು ವರ್ಷ ಕಳೆದ ಮೇಲೆ ಅವರು ಮತ್ತೆ ಕುಡಿದರು. ಅಂದಿನಿಂದ ಅವರು ಆರಾಧನೆಗೆ ಬರಲಿಲ್ಲ. ಯಾರೂ ಅವರನ್ನು ಹೊರಗೆ ಹಾಕಿರಲಿಲ್ಲ. ಸಭಾಶಿಸ್ತಿನ ಮಾತೂ ಎದ್ದಿರಲಿಲ್ಲ. ಮನೆಗೆ ಹೋಗಿ ಕಂಡಾಗ ಅವರು ಹೇಳಿದ್ದು ಇಷ್ಟೆ: “ಅಯ್ಯನವರೇ, ಅಷ್ಟು ಜನರ ಮುಂದೆ ಹೇಳಿದ ಮಾತು ಸುಳ್ಳಾಯಿತಲ್ಲ. ಯಾವ ಮುಖ ಹೊತ್ತು ಬರಲಿ?”

ನಮಗೆ ಉತ್ತರ ತಿಳಿಯಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ನಾವು ಅವರ ಬಾಯಿಗೆ ಕೊಟ್ಟ ವ್ಯಾಕರಣವೇ ಅಂಥದ್ದಾಗಿತ್ತು. ನಮ್ಮ ಸಾಕ್ಷಿಗಳೆಲ್ಲವೂ ಭೂತಕಾಲದಲ್ಲಿರುತ್ತವೆ. ‘ಆಗಿದ್ದೆ’ ಎಂಬ ಕ್ರಿಯಾಪದದಲ್ಲಿ ಪಾಪವು ಮುಗಿದುಹೋದ ಸಂಗತಿ. ಅದು ಮುಗಿಯದೆ ಉಳಿದವನಿಗೆ ಆ ವಾಕ್ಯದೊಳಗೆ ಸ್ಥಳವಿಲ್ಲ. ಇದಕ್ಕೆ ವಾಕ್ಯಾಧಾರವಿಲ್ಲವೆಂದೂ ಹೇಳಲಾಗದು. 1 ಕೊರಿಂಥ 6:9–11ರಲ್ಲಿ ಪೌಲನು ದೇವರ ರಾಜ್ಯಕ್ಕೆ ಬಾಧ್ಯರಲ್ಲದವರ ಪಟ್ಟಿಯಲ್ಲಿ ಕುಡಿಯುವವರನ್ನೂ ಸೇರಿಸಿ, ಓದುಗರಲ್ಲಿ ಕೆಲವರು ಹಿಂದೆ ಅಂಥವರಾಗಿದ್ದರೆಂದು ಭೂತಕಾಲದಲ್ಲಿಯೇ ನೆನಪಿಸುತ್ತಾನೆ. ಆದರೆ ಅದೇ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ, ತೊಳೆಯಲ್ಪಟ್ಟ ಅದೇ ಜನರೊಳಗೆ ಒಬ್ಬನು ಕರ್ತನ ಭೋಜನಕ್ಕೆ ಕೂಡಿಬಂದಾಗಲೇ ಅಮಲೇರಿ ಕುಳಿತಿರುತ್ತಾನೆ. ಪೌಲನು ಅವನನ್ನು ಗದರಿಸುತ್ತಾನೆ. ಆದರೂ ಅವನು ಮೇಜಿನ ಬಳಿಯಲ್ಲಿಯೇ ಇದ್ದಾನೆ. ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದುವ ಅಭ್ಯಾಸ ನಮ್ಮ ಬೋಧನೆಯಲ್ಲಿ ಅಪರೂಪ.

ಆ ಸಹೋದರರೊಡನೆ ನಾವು ಎ.ಎ. ಕೂಟವೊಂದಕ್ಕೆ ಹೋದೆವು. ಕೂಟವನ್ನು ಹುಡುಕುವುದೇನೂ ಕಷ್ಟದ ಕೆಲಸವಲ್ಲ. ಸಂಘದ ದೂರವಾಣಿಗೆ ಕರೆಮಾಡಿದರೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾವ ಭಾಷೆಯಲ್ಲಿ ಎಂದು ತಿಳಿಸುತ್ತಾರೆ; ಕರೆ ಎತ್ತಿಕೊಳ್ಳುವವರೂ ಕುಡಿತ ಬಿಟ್ಟವರೇ. ಕಷ್ಟವಿರುವುದು ಬೀದಿಯಿಂದ ಆ ಮೆಟ್ಟಿಲಿನವರೆಗಿನ ಹತ್ತು ಹೆಜ್ಜೆಗಳಲ್ಲಿ. ‘ಮುಚ್ಚಿದ’ ಕೂಟಗಳಿಗೆ ಕುಡಿತ ಬಿಡಬಯಸುವವರಿಗೆ ಮಾತ್ರ ಪ್ರವೇಶ. ‘ತೆರೆದ’ ಕೂಟಗಳಿಗೆ ಮನೆಯವರು, ಸ್ನೇಹಿತರು, ಸಭಾಪಾಲಕರು ಯಾರೂ ಬರಬಹುದು. ಈ ಭೇದವನ್ನು ತಿಳಿಯದೆ ನಾವು ವರ್ಷಗಟ್ಟಲೆ ಜನರ ಕೈಗೆ ದೂರವಾಣಿ ಸಂಖ್ಯೆಯನ್ನು ಬರೆದುಕೊಟ್ಟು ಪಾಲಕ ಧರ್ಮವನ್ನು ತೀರಿಸಿಕೊಂಡಿದ್ದೆವು.

ಅಲ್ಲಿ ಕೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಕೂಟದ ಆಕಾರವನ್ನಷ್ಟೆ ಹೇಳಬಹುದು. ಸ್ವಲ್ಪ ಹೊತ್ತಿನ ಮೌನ; ಸಂಘದ ಉದ್ದೇಶದ ಓದು; ಪುಸ್ತಕದಿಂದ ಒಂದು ಭಾಗ; ಆಮೇಲೆ ಒಬ್ಬೊಬ್ಬರಾಗಿ ತಮ್ಮ ಕಥೆಯನ್ನು ಹೇಳುವುದು. ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿಹಾಕುವುದಿಲ್ಲ. ಹೇಳಿ ಮುಗಿದ ಮೇಲೆ ಬುದ್ಧಿವಾದವಿಲ್ಲ. ಖರ್ಚಿಗೆಂದು ತಟ್ಟೆ ಸುತ್ತುತ್ತದೆ. ಹೊರಗಿನವರ ಹಣವನ್ನು ಸಂಘವು ಸ್ವೀಕರಿಸುವುದಿಲ್ಲವಾದ್ದರಿಂದ ನಾವು ಹಾಕಹೋದ ನೋಟನ್ನು ಪಕ್ಕದವರು ನಯವಾಗಿ ಹಿಂದಕ್ಕೆ ಕೊಟ್ಟರು. ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ಒಂದು ಚಿಕ್ಕ ಪ್ರಾರ್ಥನೆಯನ್ನು ಒಟ್ಟಿಗೆ ಹೇಳುತ್ತಾರೆ. ಅದನ್ನು ರಚಿಸಿದವನು ರೈನ್‌ಹೋಲ್ಡ್ ನೀಬುರ್ ಎಂಬುದು ನಮಗೆ ಗೊತ್ತು. ನಮ್ಮ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಪ್ರಶ್ನೆಯಾಗಿರುವ ಆ ದೇವಶಾಸ್ತ್ರಜ್ಞನು ಅಲ್ಲಿ ಹೆಸರಿಲ್ಲದೆ ಬಳಕೆಯಲ್ಲಿದ್ದಾನೆ.

ನಮ್ಮ ಗಮನವನ್ನು ಹಿಡಿದು ನಿಲ್ಲಿಸಿದ್ದು ಪ್ರತಿಯೊಬ್ಬರೂ ಮಾತು ಆರಂಭಿಸುವ ರೀತಿ. ಬರಿಯ ಹೆಸರು ಹೇಳಿ, “ನಾನು ಆಲ್ಕೊಹಾಲಿಕ್” ಎನ್ನುತ್ತಾರೆ. ಕುಡಿಯದೆ ಇಪ್ಪತ್ತು ವರ್ಷ ಕಳೆದವರೂ ಹಾಗೆಯೇ ಹೇಳುತ್ತಾರೆ. ನಿನ್ನೆ ಕುಡಿದವರೂ ಹಾಗೆಯೇ. ಕನ್ನಡದಲ್ಲಿ ಇಂಥ ವಾಕ್ಯಕ್ಕೆ ಕ್ರಿಯಾಪದ ಬೇಕಾಗಿಲ್ಲ. ಕ್ರಿಯಾಪದವಿಲ್ಲದಿರುವುದರಿಂದ ಕಾಲವೂ ಇಲ್ಲ. ಇಂಗ್ಲಿಷಿನಲ್ಲಿ ವರ್ತಮಾನಕಾಲವನ್ನು ಹೇಳಲೇಬೇಕಾದಲ್ಲಿ ನಮ್ಮ ಭಾಷೆ ಸುಮ್ಮನಿದ್ದುಬಿಡುತ್ತದೆ. ‘ಕುಡುಕನಾಗಿದ್ದೆ’ ಎಂದ ಸಹೋದರರಿಗೆ ಒಂದು ವರ್ಷದ ಮೇಲೆ ಇಲ್ಲವಾದ ನೆಲ ಈ ಕ್ರಿಯಾಪದವಿಲ್ಲದ ವಾಕ್ಯದಲ್ಲಿ ಅವರಿಗೆ ಸಿಕ್ಕಿತು. ‘ಕುಡುಕ’ ಎಂಬ ಬೈಗುಳದ ಬದಲು ಬಳಕೆಗೆ ಬಂದಿರುವ ಪರಭಾಷೆಯ ಪದವೂ ಅವರಿಗೆ ಒಂದು ಮರೆಯಾಯಿತೆಂದು ನಮಗೆ ತೋರುತ್ತದೆ. ಕನ್ನಡದ ಶುದ್ಧತೆಗಾಗಿ ಹೋರಾಡುವವರು ಈ ಒಂದು ಪದವನ್ನು ಬಿಟ್ಟುಬಿಡಲಿ.

ಲೂಕ 18ರ ಸುಂಕದವನ ಪ್ರಾರ್ಥನೆಯೂ ಇದೇ ಜಾತಿಯದು. ಗ್ರೀಕ್ ಮೂಲದಲ್ಲಿ ಅವನು ತನ್ನನ್ನು ಕರೆದುಕೊಳ್ಳುವ ‘ಪಾಪಿ’ ಎಂಬ ಪದಕ್ಕೆ ನಿರ್ದೇಶಕ ಉಪಪದವಿದೆ. ಅಲ್ಲಿಯೂ ಕ್ರಿಯಾಪದ ಹಿಂದಿನದಾಗಿಲ್ಲ. ಫರಿಸಾಯನ ಪ್ರಾರ್ಥನೆಯಾದರೋ ಲೆಕ್ಕದಿಂದ ತುಂಬಿದೆ. ನೀತಿವಂತನೆಂದು ನಿರ್ಣಯಿಸಲ್ಪಟ್ಟು ಮನೆಗೆ ಹೋದವನು ಮರುದಿನ ಸುಂಕದ ಕಟ್ಟೆಗೆ ಹೋದನೋ ಇಲ್ಲವೋ ಎಂಬುದನ್ನು ಯೇಸು ಹೇಳುವುದಿಲ್ಲ. ಲೂಥರನು ವಿಶ್ವಾಸಿಯನ್ನು ಏಕಕಾಲದಲ್ಲಿ ನೀತಿವಂತನೂ ಪಾಪಿಯೂ ಎಂದು ಕಂಡದ್ದನ್ನು ನಾವು ಸಿದ್ಧಾಂತವಾಗಿ ಒಪ್ಪಿದ್ದೇವೆ, ಆದರೆ ಸಾಕ್ಷಿ ಹೇಳುವ ವೇದಿಕೆಯ ಮೇಲೆ ಅದಕ್ಕೆ ಜಾಗ ಕೊಟ್ಟಿಲ್ಲ.

ಸಂಘದ ಹುಟ್ಟಿನ ಕಥೆಯೂ ಈ ದೃಷ್ಟಿಯಿಂದ ಗಮನಾರ್ಹ. 1935ರ ಮೇ ತಿಂಗಳಲ್ಲಿ ಒಹಾಯೊ ಪ್ರಾಂತದ ಆಕ್ರನ್ ಪಟ್ಟಣದಲ್ಲಿ ವ್ಯವಹಾರವೊಂದು ಕೈತಪ್ಪಿ, ಹೋಟೆಲಿನ ಪಡಸಾಲೆಯಲ್ಲಿ ಒಬ್ಬನೇ ನಿಂತಿದ್ದ ವಿಲ್ಸನ್‌ನಿಗೆ ಕುಡಿಯುವ ಮನಸ್ಸಾಯಿತು. ಒಂದು ಕಡೆ ಮದ್ಯದ ಕೊಠಡಿಯ ಗದ್ದಲ. ಇನ್ನೊಂದು ಕಡೆ ಗೋಡೆಯ ಮೇಲೆ ಆ ಊರಿನ ಚರ್ಚುಗಳ ಪಟ್ಟಿ. ಅವನು ಪಟ್ಟಿಯಿಂದ ಒಬ್ಬ ಪಾದ್ರಿಯನ್ನು, ಎಪಿಸ್ಕೋಪಲ್ ಸಭೆಯ ವಾಲ್ಟರ್ ಟಂಕ್ಸ್ ಎಂಬವರನ್ನು, ದೂರವಾಣಿಯಲ್ಲಿ ಸಂಪರ್ಕಿಸಿದನು. ಅವನು ಕೇಳಿದ್ದು ತನಗೆ ಸಹಾಯಮಾಡುವವರನ್ನಲ್ಲ, ತಾನು ಮಾತನಾಡಿಸಬಹುದಾದ ಇನ್ನೊಬ್ಬ ಕುಡುಕನನ್ನು. ಅಲ್ಲಿಂದ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯ ಮೂಲಕ ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್ ಅವರ ಭೇಟಿಯಾಯಿತು. ಸ್ಮಿತ್ ಕುಡಿತ ಬಿಟ್ಟರು. ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆ ಹೋದವರು ಮತ್ತೆ ಕುಡಿದು ಬಂದರು. ಅದಾದ ಮೇಲೆ ಅವರು ಕೊನೆಯ ಸಲ ಕುಡಿದ ದಿನವೇ, ಅಂದರೆ 1935ರ ಜೂನ್ 10, ಸಂಘವು ತನ್ನ ಜನ್ಮದಿನವೆಂದು ಎಣಿಸುವ ದಿನ. ತನ್ನ ಸ್ಥಾಪಕರ ಮರುಪತನವನ್ನು ಮುಚ್ಚಿಡದೆ ಅದರ ನೆರೆಯಲ್ಲಿಯೇ ಹುಟ್ಟುಹಬ್ಬವನ್ನು ಇಟ್ಟುಕೊಂಡ ಸಂಘಟನೆ ನಮಗೆ ಇನ್ನೊಂದು ತಿಳಿದಿಲ್ಲ. ಕೋಳಿ ಕೂಗುವುದನ್ನು ನಾಲ್ಕು ಸುವಾರ್ತೆಗಳಲ್ಲಿಯೂ ಬರೆದಿಟ್ಟ ಆದಿಸಭೆಯನ್ನು ಬಿಟ್ಟರೆ.

ಈಗ ಪುಸ್ತಕದ ದೋಷಗಳಿಗೆ ಬರೋಣ. ನಮ್ಮ ವಲಯಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪವೆಂದರೆ, ಅದರ ದೇವರು ಅಸ್ಪಷ್ಟನು ಎಂಬುದು. ಆಕ್ಷೇಪ ಸುಳ್ಳಲ್ಲ. ಈ ಸಂಘವು ಲೂಥರನ್ ಪಾದ್ರಿ ಫ್ರ್ಯಾಂಕ್ ಬುಕ್‌ಮನ್ ಕಟ್ಟಿದ ಆಕ್ಸ್‌ಫರ್ಡ್ ಗ್ರೂಪಿನ ಮಡಿಲಲ್ಲಿ ಬೆಳೆದದ್ದು. ಮೊದಲಿನ ಸದಸ್ಯರಿಗೆ ಯಾಕೋಬನ ಪತ್ರಿಕೆ ಎಷ್ಟು ಪ್ರಿಯವಾಗಿತ್ತೆಂದರೆ ಸಂಘಕ್ಕೇ ಆ ಹೆಸರಿಡುವ ಮಾತೂ ಬಂದಿತ್ತು. ಆದರೆ ಪುಸ್ತಕ ಅಚ್ಚಾಗುವ ಹೊತ್ತಿಗೆ ನಾಸ್ತಿಕ ಸದಸ್ಯರ ಒತ್ತಾಯದಿಂದ ದೇವರೆಂದರೆ ಅವರವರು ಗ್ರಹಿಸಿಕೊಂಡಂತೆ ಎಂಬ ತಿದ್ದುಪಡಿ ಬಂದಿತು. ಏಳನೆಯ ಹೆಜ್ಜೆಯ ಕರಡಿನಲ್ಲಿದ್ದ ಮೊಣಕಾಲೂರುವ ಮಾತು ಹೋಯಿತು. ಕ್ರಿಸ್ತನ ಹೆಸರು ಹನ್ನೆರಡು ಹೆಜ್ಜೆಗಳಲ್ಲಿ ಎಲ್ಲಿಯೂ ಇಲ್ಲ. ಆದರೂ ಈ ಆಕ್ಷೇಪವು ಮರ್ಮಕ್ಕೆ ತಾಕುವುದಿಲ್ಲವೆಂದೇ ನಮ್ಮ ಅಭಿಪ್ರಾಯ. ಪೌಲನು ಅಥೇನೆಯಲ್ಲಿ ತಿಳಿಯದ ದೇವರ ಬಲಿಪೀಠವನ್ನು ಕಂಡು ಅದನ್ನು ಒಡೆಯಲಿಲ್ಲ. ಅಲ್ಲಿಂದಲೇ ಮಾತು ಆರಂಭಿಸಿದನು. ಅಸ್ಪಷ್ಟ ದೇವರಿಗೆ ಪ್ರಾರ್ಥಿಸುವವರು ನಮ್ಮ ಮುಂದಿನ ಬೆಂಚುಗಳಲ್ಲಿಯೂ ಕಡಮೆಯಿಲ್ಲ.

ನಿಜವಾದ ತೊಡಕು ಬೇರೆಡೆಯಲ್ಲಿದೆ. ಪುಸ್ತಕವು ಕುಡಿಯುವವನ ಎಲ್ಲ ಕೇಡಿನ ಬೇರನ್ನು ಸ್ವಾರ್ಥದಲ್ಲಿ, ತಾನೇ ಯಜಮಾನನೆಂಬ ಅಹಂಕಾರದಲ್ಲಿ ಕಾಣುತ್ತದೆ. ಅದನ್ನು ಬರೆದವರಲ್ಲಿ ಹೆಚ್ಚಿನವರು ಮಧ್ಯಮವರ್ಗದ ಬಿಳಿಯ ಗಂಡಸರು. ಅವರಿಗೆ ಈ ನಿದಾನ ಸರಿಯಾಗಿ ಒಪ್ಪಿತು. 1960ರಲ್ಲಿ ವ್ಯಾಲರಿ ಸೇವಿಂಗ್, ಅಹಂಕಾರವೇ ಪಾಪದ ಮೂಲವೆನ್ನುವ ದೇವಶಾಸ್ತ್ರವು ಗಂಡಿನ ಅನುಭವವನ್ನೇ ಮನುಷ್ಯಾನುಭವವೆಂದು ಭಾವಿಸಿದೆಯೆಂದು ತೋರಿಸಿಕೊಟ್ಟರು. ಆ ವಿಮರ್ಶೆಗೆ ಗುರಿಯಾದವರಲ್ಲಿ ನೀಬುರ್ ಕೂಡ ಒಬ್ಬನೆಂಬುದು ಕಾಕತಾಳೀಯವಲ್ಲ. ದಿನವಿಡೀ ಇತರರ ಕಾಲಡಿಯಲ್ಲಿ ದುಡಿದು, ಸಂಜೆ ನೋವು ಮರೆಯಲು ಕುಡಿಯುವ ಕೂಲಿಯವನಿಗೆ, ಬಾಗಿಲು ಹಾಕಿಕೊಂಡು ಗುಟ್ಟಾಗಿ ಕುಡಿಯುವ ಹೆಂಗಸಿಗೆ, ನಿನ್ನ ಅಹಂಕಾರವನ್ನು ಮುರಿ ಎಂದು ಹೇಳುವುದು ಔಷಧವೋ, ಮತ್ತೊಂದು ಪೆಟ್ಟೋ? ನಾವು ಹೋದ ಕೂಟದಲ್ಲಿ ಮಹಿಳೆಯರು ಯಾರೂ ಇರಲಿಲ್ಲ. ಹೆಂಡತಿಯರನ್ನು ಉದ್ದೇಶಿಸಿದ ಅಧ್ಯಾಯವಂತೂ ಹೆಂಡತಿಯ ದನಿಯಲ್ಲಿದ್ದರೂ ಬರೆದವನು ವಿಲ್ಸನ್. ಅವನ ಪತ್ನಿ ಲೋಯಿಸ್ ಬರೆಯಲು ಸಿದ್ಧರಿದ್ದರೂ ಅವಕಾಶ ಸಿಗಲಿಲ್ಲ. ಸಹನೆಯ ಪಾಠವನ್ನು ಕುಡಿಯುವವನೇ ಹೆಂಡತಿಯ ಬಾಯಿಂದ ಹೇಳಿಸುತ್ತಾನೆ. ಪೆಟ್ಟುತಿಂದ ಸಹೋದರಿಯ ಕೈಗೆ ಆ ಅಧ್ಯಾಯವನ್ನು ಯಾವ ಪಾಲಕರೂ ಕೊಡಬಾರದು. ಲೋಯಿಸ್ ಮುಂದೆ 1951ರಲ್ಲಿ ಮನೆಯವರಿಗಾಗಿಯೇ ಅಲ್-ಅನಾನ್ ಸಂಘವನ್ನು ಇತರರೊಡನೆ ಕಟ್ಟಿದರು. ಆ ಅಧ್ಯಾಯಕ್ಕೆ ಸಂದ ಉತ್ತರ ಅದೇ ಎನ್ನಬಹುದು.

ಮದ್ಯದ ವ್ಯಾಪಾರದ ವಿಷಯದಲ್ಲಿಯೂ ಸಂಘವು ಮೌನಿ. ಹೊರಗಿನ ವಿವಾದಗಳಲ್ಲಿ ಅಭಿಪ್ರಾಯ ಹೇಳಬಾರದೆಂಬುದು ಅದರ ಸಂಪ್ರದಾಯಗಳಲ್ಲಿ ಒಂದು. ಒಂದು ಸಂಘಕ್ಕೆ ಅದು ವಿವೇಕವಿರಬಹುದು. ಸಭೆಗೆ ಅದು ಸಲ್ಲದು. ನಮ್ಮ ರಾಜ್ಯದಲ್ಲಿ 2007ರ ಜುಲೈಯಿಂದ ಸಾರಾಯಿ ನಿಂತಿತು, ಮದ್ಯದಂಗಡಿಗಳು ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಗ್ರಾಮೀಣ ಮಹಿಳೆಯರು ಮದ್ಯನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಅವರ ಕಾಲಿನ ಗುಳ್ಳೆಗಳಿಗೆ ಹನ್ನೆರಡು ಹೆಜ್ಜೆಗಳಲ್ಲಿ ಉತ್ತರವಿಲ್ಲ. ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನವರು ಮೂರ್ತೆಯ ಕುಲಕಸುಬಿನ ಬಿಲ್ಲವರಿಂದ ಬಂದ ವಿಶ್ವಾಸಿಗಳಿಗೆ ನೇಯ್ಗೆಯ ಮತ್ತು ಹಂಚಿನ ಕಾರ್ಖಾನೆಗಳಲ್ಲಿ ಕೆಲಸ ಕೊಟ್ಟದ್ದನ್ನು ಇಲ್ಲಿ ನೆನೆಯಬೇಕು. ಅವರ ಎಲ್ಲ ಕ್ರಮಗಳನ್ನು ನಾವು ಮೆಚ್ಚದಿರಬಹುದು. ಆದರೆ ಮದ್ಯದ ಪ್ರಶ್ನೆಗೆ ಜೀವನೋಪಾಯದ ಮುಖವೂ ಇದೆಯೆಂದು ಅವರು ಕಂಡಿದ್ದರು.

ಫಲದ ಮಾತನ್ನು ಎರಡು ವಾಕ್ಯಗಳಲ್ಲಿ ಮುಗಿಸುತ್ತೇವೆ. 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು 27 ಅಧ್ಯಯನಗಳನ್ನೂ ಅವುಗಳಲ್ಲಿದ್ದ 10,565 ಮಂದಿಯನ್ನೂ ಪರಿಶೀಲಿಸಿ, ಜನರನ್ನು ಎ.ಎ. ಕೂಟಗಳಿಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆಯು, ಕುಡಿತವನ್ನು ಪೂರ್ತಿಯಾಗಿ ಬಿಟ್ಟಿರುವ ವಿಷಯದಲ್ಲಿ, ಇತರ ಅಂಗೀಕೃತ ಚಿಕಿತ್ಸೆಗಳಿಗಿಂತ ಮೇಲಾಗಿದೆಯೆಂದು ಕಂಡಿತು. ಇದು ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುವ ಮಾತಲ್ಲವಾದರೂ, ಕೂಟವನ್ನು ಬರಿಯ ಭಾವುಕತೆಯೆಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು. ಇದರ ಜೊತೆಗೆ ಇನ್ನೊಂದು ಎಚ್ಚರಿಕೆ, ಪ್ರಾರ್ಥನಾ ಶಿಬಿರ ನಡೆಸುವ ಸಹೋದರರಿಗೆ: ಬಹಳ ವರ್ಷಗಳಿಂದ ದಿನವೂ ಹೆಚ್ಚಾಗಿ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಸನ್ನಿ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಅದನ್ನು ದುರಾತ್ಮದ ಕಾಟವೆಂದು ತಿಳಿದು ಕೊಠಡಿಯಲ್ಲಿ ಕೂಡಿಹಾಕಬೇಡಿರಿ; ಮೊದಲು ಆಸ್ಪತ್ರೆ, ಕೂಟವೂ ಪ್ರಾರ್ಥನೆಯೂ ಅದರ ಜೊತೆಯಲ್ಲಿ.

ಇನ್ನು ಬೊನ್‌ಹೋಫರ್. ತನ್ನ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಅವನು ಹೇಳುವ ಮಾತಿನ ತಾತ್ಪರ್ಯವಿದು: ಆರಾಧನೆ, ಪ್ರಾರ್ಥನೆ, ಸೇವೆ ಎಲ್ಲವನ್ನೂ ಒಟ್ಟಿಗೆ ಮಾಡುವ ಕ್ರೈಸ್ತರು ಒಬ್ಬಂಟಿಗರಾಗಿಯೇ ಉಳಿಯುವುದುಂಟು, ಏಕೆಂದರೆ ಭಕ್ತರ ಅನ್ಯೋನ್ಯತೆಯಲ್ಲಿ ಪಾಪಿಯಾಗಿರಲು ಯಾರಿಗೂ ಅಪ್ಪಣೆಯಿಲ್ಲ. ಈ ಸಾಲುಗಳನ್ನು ಓದುವಾಗ ನಮ್ಮ ಸಹೋದರರ ಮುಖವೇ ಕಣ್ಮುಂದೆ ಬಂದಿತು. ಆದರೆ ಬೊನ್‌ಹೋಫರನನ್ನು ಎ.ಎ. ಕೂಟದ ವಕೀಲನನ್ನಾಗಿ ಮಾಡುವುದು ಸರಿಯಲ್ಲ. ಗುಂಪಿನ ಮುಂದೆ ಪಾಪನಿವೇದನೆ ಮಾಡಬೇಕೆಂದು ಅವನು ಕೇಳುವುದಿಲ್ಲ. ಒಬ್ಬ ಸಹೋದರನು ಸಾಕು, ಅವನಲ್ಲಿ ಇಡೀ ಸಭೆಯು ಎದುರಾಗುತ್ತದೆ. ಕೇಳುವವನು ತಾನೂ ನಿವೇದನೆ ಮಾಡುವವನಾಗಿರಬೇಕು; ಎ.ಎ.ಯ ಐದನೆಯ ಹೆಜ್ಜೆ ಇದಕ್ಕೆ ಬಹಳ ಹತ್ತಿರದ್ದು. ಆದರೆ ಮನುಷ್ಯರ ಪರಸ್ಪರ ಆಕರ್ಷಣೆಯಿಂದ ಹುಟ್ಟಿದ ಒಡನಾಟವನ್ನೂ ಕ್ರಿಸ್ತನ ಮಧ್ಯಸ್ಥಿಕೆಯಿಂದ ಉಂಟಾಗುವ ಅನ್ಯೋನ್ಯತೆಯನ್ನೂ ಅವನು ಕಟ್ಟುನಿಟ್ಟಾಗಿ ಬೇರ್ಪಡಿಸುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಅವನಿಗೆ ನಿವೇದನೆಯ ಗುರಿ ಕ್ಷಮೆಯ ವಾಕ್ಯ. ಇನ್ನೊಬ್ಬನ ಬಾಯಿಂದ, ಕ್ರಿಸ್ತನ ಹೆಸರಿನಲ್ಲಿ, ನಿನಗೆ ಕ್ಷಮೆಯಾಯಿತೆಂದು ಕೇಳಿಸಿಕೊಳ್ಳದಿದ್ದರೆ ಮನುಷ್ಯನು ತನಗೆ ತಾನೇ ಕ್ಷಮೆ ಕೊಟ್ಟುಕೊಳ್ಳುತ್ತಿರುತ್ತಾನೆ.

ಎ.ಎ. ಕೂಟದಲ್ಲಿ ಆ ವಾಕ್ಯವಿಲ್ಲ. ಹೇಳಿ ಮುಗಿಸಿದವನಿಗೆ ಒಂದು ‘ಥ್ಯಾಂಕ್ಸ್’ ಸಿಗುತ್ತದೆ. ಮತ್ತೆ ಬನ್ನಿ ಎಂಬ ಕರೆ ಸಿಗುತ್ತದೆ. ಹಾನಿಗೊಳಗಾದವರ ಪಟ್ಟಿ ಮಾಡಿ ಪರಿಹಾರ ಕೊಡುವ ಎಂಟು, ಒಂಬತ್ತನೆಯ ಹೆಜ್ಜೆಗಳು ಜಕ್ಕಾಯನನ್ನು ನೆನಪಿಗೆ ತರುತ್ತವೆ, ಆದರೆ ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತೆಂದು ಹೇಳುವವರು ಅಲ್ಲಿ ಯಾರೂ ಇಲ್ಲ. ಕುಡಿಯದೆ ಕಳೆದ ದಿನಗಳ ಎಣಿಕೆಯೊಂದೇ ಉಳಿಯುತ್ತದೆ; ಬಿದ್ದರೆ ಎಣಿಕೆ ಮತ್ತೆ ಒಂದರಿಂದ. ಆ ಎಣಿಕೆಯ ಭಾರ ನಾವು ಕಂಡ ಕೆಲವರ ಹೆಗಲ ಮೇಲೆ ಇತ್ತು.

ನಮ್ಮಲ್ಲಿ ಆ ವಾಕ್ಯವಿದೆ. ಪ್ರತಿ ಭಾನುವಾರ ಸಾಮಾನ್ಯ ಪಾಪನಿವೇದನೆಯ ಬೆನ್ನಿಗೇ ಪಾಲಕನು ಕ್ಷಮಾಪಣೆಯನ್ನು ಸಾರುತ್ತಾನೆ. ಇಡೀ ಕ್ರಮ ಒಂದು ನಿಮಿಷವನ್ನೂ ತೆಗೆದುಕೊಳ್ಳುವುದಿಲ್ಲ. ಪುಸ್ತಕದ ಪದಗಳನ್ನು ಎಲ್ಲರೂ ಒಟ್ಟಿಗೆ ಓದುತ್ತಾರೆ. ಯಾರೂ ಯಾವುದನ್ನೂ ಹೇಳಿರುವುದಿಲ್ಲ. ಕ್ಷಮೆ ಸಾರಲ್ಪಟ್ಟದ್ದು ಯಾವುದಕ್ಕೆಂದು ಕೇಳಿದರೆ ನಾವು ಉತ್ತರಿಸಲಾರೆವು. ಕಳೆದ ಶನಿವಾರ ಸಂಜೆ ಹಿಂದಿನ ಕೊಠಡಿಯಲ್ಲಿ ಹೆಸರಿಟ್ಟು ಹೇಳಿದ ಪಾಪಕ್ಕೂ ಭಾನುವಾರ ಬೆಳಿಗ್ಗೆ ಗುಡಿಯಲ್ಲಿ ಹೆಸರಿಲ್ಲದೆ ಸಾರುವ ಕ್ಷಮೆಗೂ ನಡುವೆ ಒಂದು ಅಂಗಳವಿದೆ. ಅದನ್ನು ದಾಟುವವರು ಕೆಲವರಿದ್ದಾರೆ. ಅವರು ಯಾರೆಂದು ಸಭೆಗೆ ತಿಳಿಯದು.

ಆ ಸಹೋದರರು ಈಗ ಎರಡೂ ಕಡೆ ಬರುತ್ತಿದ್ದಾರೆ. ಪವಿತ್ರ ಭೋಜನದ ದಿನ ಅವರು ರೊಟ್ಟಿಯನ್ನು ಮಾತ್ರ ತೆಗೆದುಕೊಂಡು ಪಾತ್ರೆಯನ್ನು ಮುಟ್ಟದೆ ಎದ್ದುಹೋಗುವುದನ್ನು ಹಿರಿಯರೊಬ್ಬರು ಗಮನಿಸಿ, ಇದು ಕ್ರಮವೇ ಎಂದು ನಮ್ಮನ್ನು ಕೇಳಿದರು. ಆ ಸಭೆಯಲ್ಲಿ ಹುದುಗಿದ ದ್ರಾಕ್ಷಾರಸವನ್ನೇ ಬಳಸುತ್ತಿದ್ದರು. ಅಮೆರಿಕದ ಮೆಥೊಡಿಸ್ಟ್ ವಿಶ್ವಾಸಿ ಥಾಮಸ್ ವೆಲ್ಚ್ ಹುದುಗದ ದ್ರಾಕ್ಷಿಯ ರಸವನ್ನು ಪವಿತ್ರ ಭೋಜನಕ್ಕೆಂದು ತಯಾರಿಸಿದ್ದು 1869ರಲ್ಲಿ. ಹಿರಿಯರ ಮುಂದೆ ನಾವು ಆ ಇತಿಹಾಸವನ್ನು ಹೇಳಿ, ರೊಟ್ಟಿಯೊಂದರಲ್ಲಿಯೇ ಕ್ರಿಸ್ತನು ಪೂರ್ಣವಾಗಿ ದೊರೆಯುತ್ತಾನೆಯೇ ಎಂಬ ಹಳೆಯ ವಾದವನ್ನೂ ಸ್ವಲ್ಪ ವಿವರಿಸಿದೆವು. ಅವರು ತಾಳ್ಮೆಯಿಂದ ಕೇಳಿ, “ಅದೆಲ್ಲ ಸರಿ ಅಯ್ಯನವರೇ, ಬರುವ ತಿಂಗಳಿಂದ ದ್ರಾಕ್ಷಿ ಹಿಂಡಿ ತರುವವರು ಯಾರು?” ಎಂದರು. ಅದನ್ನು ಮುಂದಿನ ಕಮಿಟಿಯ ಕಾರ್ಯಸೂಚಿಗೆ ಸೇರಿಸಲಾಗಿದೆ.